ತತ್ವಪದವೂ ರಾಕ್ ವಾದ್ಯಮೇಳವೂ : ಒಂದು ಅಭ್ಯಾಸ

ಹಾಡು ಮನುಷ್ಯನ ಹಳೆಯ ಸಂಗಾತಿ. ಬೀಸುವ ಕಲ್ಲಿನ ಮುಂದೆ, ಬಿತ್ತುವ ಹೊಲದಲ್ಲಿ, ತೊಟ್ಟಿಲ ಬದಿಯಲ್ಲಿ, ದೇವರ ಗುಡಿಯಲ್ಲಿ, ಕೊನೆಗೆ ಸಾವಿನ ಮನೆಯ ಅಂಗಳದಲ್ಲಿಯೂ ಹಾಡು ಉಂಟು. ಅದರಲ್ಲಿಯೂ ದೇವರನ್ನು ಕುರಿತ ಹಾಡು ಇಲ್ಲದ ಧರ್ಮವಿಲ್ಲ. ನಮ್ಮ ಉಮರ್ಗಾ, ನಿಲಂಗಾ, ಉದಗೀರ ಸೀಮೆಯಲ್ಲಂತೂ ಒಂದೇ ಊರಿನ ಒಂದು ಓಣಿಯಲ್ಲಿ ಮರಾಠಿ ಅಭಂಗ, ಇನ್ನೊಂದು ಓಣಿಯಲ್ಲಿ ಕನ್ನಡ ವಚನ ಇಲ್ಲವೆ ತತ್ವಪದ, ದರ್ಗಾದ ಉರುಸಿನಲ್ಲಿ ಉರ್ದು ಕವ್ವಾಲಿ ಕೇಳಿಬರುವುದುಂಟು. ಆದುದರಿಂದ ದೇವರ ಹಾಡಿನ ವಿಚಾರ ನಮಗೆ ಹೊಸದಲ್ಲ.

ಆದರೆ ಒಂದು ಪ್ರಶ್ನೆ ಮಾತ್ರ ಈ ಕಾಲದಲ್ಲಿ ಮತ್ತೆ ಮತ್ತೆ ಏಳುತ್ತಿದೆ. ದೇವರ ಹಾಡನ್ನು ಗಿಟಾರು, ಡ್ರಮ್ಮು, ಕೀಬೋರ್ಡುಗಳಂಥ ವಾದ್ಯಗಳೊಡನೆ ಹಾಡಬಹುದೆ? ಹಾಡಿದರೆ ಪದದ ಪಾವಿತ್ರ್ಯ ಉಳಿದೀತೆ? ಹಿರಿಯರು "ಕೂಡದು" ಎನ್ನುತ್ತಾರೆ. ಎಳೆಯರು "ಏಕೆ ಕೂಡದು?" ಎನ್ನುತ್ತಾರೆ. ಇಬ್ಬರ ಮಾತಿನಲ್ಲಿಯೂ ತಥ್ಯವಿದೆ. ಬರಿಯ ವಾದದಿಂದ ಇದು ಬಗೆಹರಿಯಲಾರದು. ಈ ಮೊದಲು ಎಲ್ಲೆಲ್ಲಿ ಏನೇನು ನಡೆದಿದೆ ಎಂಬುದನ್ನು ನೋಡಿ ವಿಚಾರ ಮಾಡುವುದು ಲೇಸು. ಅದಕ್ಕಾಗಿ ಎರಡು ಉದಾಹರಣೆಗಳನ್ನು ಇಲ್ಲಿ ಎತ್ತಿಕೊಂಡಿದೆ. ಒಂದು ಅಮೇರಿಕೆಯ ಕ್ರೈಸ್ತ ರಾಕ್ ತಂಡದ್ದು, ಇನ್ನೊಂದು ನಮ್ಮ ಕನ್ನಡ ನಾಡಿನದು. ಎರಡೂ ಆಯಾ ತಂಡದ ಮೊದಲನೆಯ ಆಲ್ಬಮ್‌ಗಳು. ಎರಡೂ ಹೆಸರು ಮಾಡಿದವು.

1. ಕೆಲವು ಶಬ್ದಗಳ ಅರ್ಥ

'ಬ್ಯಾಂಡ್' ಎಂದೊಡನೆ ನಮ್ಮ ಕಣ್ಣ ಮುಂದೆ ಮದುವೆಯ ಮೆರವಣಿಗೆಯ ಬ್ಯಾಂಡು ಬಂದು ನಿಲ್ಲುತ್ತದೆ. ಇಲ್ಲಿ ಆ ಅರ್ಥವಲ್ಲ. ನಾಲ್ಕಾರು ಜನ ಕೂಡಿ, ತಾವೇ ಹಾಡು ಕಟ್ಟಿ, ತಾವೇ ರಾಗ ಹಾಕಿ, ತಾವೇ ಬಾರಿಸಿ ಹಾಡುವ ವಾದ್ಯಮೇಳಕ್ಕೆ ಬ್ಯಾಂಡ್ ಎನ್ನುತ್ತಾರೆ. ನಮ್ಮ ಭಜನಾ ಮಂಡಳಿಯನ್ನು ನೆನೆದರೆ ಇದರ ಸ್ವರೂಪ ತಿಳಿದೀತು. ಒಬ್ಬ ಪೇಟಿ, ಒಬ್ಬ ತಬಲಾ, ಒಬ್ಬ ತಾಳ ಹಿಡಿದಂತೆ ಅಲ್ಲಿ ಒಬ್ಬ ಗಿಟಾರು, ಒಬ್ಬ ಮಂದ್ರಸ್ವರದ ಬೇಸ್ ಗಿಟಾರು, ಒಬ್ಬ ಡ್ರಮ್ಮು ಹಿಡಿಯುತ್ತಾನೆ.

'ಆಲ್ಬಮ್' ಎಂದರೆ ಒಂದು ಕ್ಯಾಸೆಟ್ಟು ಇಲ್ಲವೆ ತಟ್ಟೆಯಲ್ಲಿ ಅಡಕವಾದ ಹಾಡುಗಳ ಗುಚ್ಛ. ಕವಿಗೆ ಮೊದಲ ಕವನಸಂಕಲನ ಹೇಗೋ ಬ್ಯಾಂಡಿಗೆ ಮೊದಲ ಆಲ್ಬಮ್ ಹಾಗೆ. ಜನ ಅವರನ್ನು ಗುರುತಿಸುವುದು ಅದರಿಂದಲೇ.

'ರಾಕ್' ಎಂಬುದು 1950ರ ದಶಕದಲ್ಲಿ ಅಮೇರಿಕೆಯಲ್ಲಿ ಬೆಳೆದ ಸಂಗೀತ. ವಿದ್ಯುತ್ ಗಿಟಾರು ಮತ್ತು ಬಿಗಿಯಾದ ತಾಳ ಇದರ ಲಕ್ಷಣ. ಇದು ಗದ್ದಲದ ಸಂಗೀತ, ಹೋಟೆಲು ಕುಣಿತಗಳ ಸಂಗೀತ ಎಂಬ ಭಾವನೆ ಬಹು ಜನರಲ್ಲಿದೆ. ಆದರೆ ಅದರ ಬೇರನ್ನು ಕೆದಕಿ ನೋಡಿದರೆ ಬೇರೆಯೇ ಸಂಗತಿ ಕಾಣುತ್ತದೆ.

2. ರಾಕ್ ಸಂಗೀತದ ಬೇರು

ಅಮೇರಿಕೆಯಲ್ಲಿ ಗುಲಾಮರಾಗಿ ದುಡಿದ ಕರಿಯ ಜನಾಂಗದವರು ತಮ್ಮ ಪ್ರಾರ್ಥನಾ ಮಂದಿರಗಳಲ್ಲಿ ಚಪ್ಪಾಳೆ ತಟ್ಟಿ, ಮೈದುಂಬಿ ಹಾಡುತ್ತಿದ್ದರು. ಒಬ್ಬರು ಹೇಳುವುದು, ಉಳಿದವರು ಹಿಡಿಯುವುದು. ನಮ್ಮ ಭಜನೆಯ ರೀತಿಯೂ ಇದೇ ಅಲ್ಲವೆ? ಈ ಹಾಡುಗಾರಿಕೆಯಿಂದ 'ಗಾಸ್ಪೆಲ್' ಎಂಬ ಭಕ್ತಿಸಂಗೀತ ಬೆಳೆಯಿತು. 1915ರಲ್ಲಿ ಹುಟ್ಟಿ 1973ರಲ್ಲಿ ತೀರಿಕೊಂಡ ಸಿಸ್ಟರ್ ರೊಸೆಟ್ಟಾ ಥಾರ್ಪ್ ಎಂಬ ಹೆಣ್ಣುಮಗಳು ಎಳೆತನದಿಂದಲೇ ಇಂಥ ಮಂದಿರಗಳಲ್ಲಿ ಹಾಡಿದವಳು. ಮುಂದೆ ಆಕೆ ವಿದ್ಯುತ್ ಗಿಟಾರು ಹಿಡಿದು ದೇವರ ಹಾಡು ಹಾಡಿದಳು. 1945ರಲ್ಲಿ ಹೊರಬಂದ ಆಕೆಯ ಭಕ್ತಿಗೀತೆಯ ತಟ್ಟೆಯೊಂದನ್ನು ರಾಕ್ ಸಂಗೀತಕ್ಕೆ ನಾಂದಿ ಎಂದು ಬಲ್ಲವರು ಎಣಿಸುತ್ತಾರೆ. ಎಲ್ವಿಸ್ ಪ್ರೆಸ್ಲಿಯಂಥ ಜಗದ್ವಿಖ್ಯಾತ ಗಾಯಕನೂ ಬಾಲ್ಯದಲ್ಲಿ ಪ್ರಾರ್ಥನಾ ಮಂದಿರದ ಹಾಡು ಕೇಳಿ ಬೆಳೆದವನೇ.

ಮೇಲಿನ ಸಂಗತಿಯಿಂದ ಸಿದ್ಧವಾಗುವುದೇನೆಂದರೆ, ರಾಕ್ ಸಂಗೀತ ದೇವರ ಮನೆಗೆ ಹೊರಗಿನಿಂದ ನುಗ್ಗಿದ ಅನ್ಯನಲ್ಲ. ಅದು ಅಲ್ಲಿಂದಲೇ ಹೊರಬಿದ್ದು, ಪೇಟೆಯಲ್ಲಿ ಬೆಳೆದು, ಮತ್ತೆ ಬಾಗಿಲು ಬಡಿದ ಮಗ.

3. ಮಣ್ಣಿನ ಗಡಿಗೆಗಳು

ಹಾಗಿದ್ದರೂ ಬಾಗಿಲು ತೆರೆಯುವುದು ಸುಲಭವಾಗಲಿಲ್ಲ. 1960ರ ದಶಕದ ಕೊನೆಯಲ್ಲಿ ಅಮೇರಿಕೆಯ ಕ್ಯಾಲಿಫೋರ್ನಿಯಾದಲ್ಲಿ ಅನೇಕ ತರುಣರು ಯೇಸುವಿನ ಕಡೆಗೆ ತಿರುಗಿದರು. ಅವರು ಉದ್ದ ಕೂದಲಿನವರು, ಗಿಟಾರಿನವರು. ಅವರಲ್ಲಿ ಲ್ಯಾರಿ ನಾರ್ಮನ್ ಎಂಬವನು 1969ರಲ್ಲಿ ಹೊರತಂದ ಆಲ್ಬಮ್ಮನ್ನು ಕ್ರೈಸ್ತ ರಾಕ್‌ನ ಮೊದಲ ಕೃತಿಗಳಲ್ಲಿ ಒಂದೆಂದು ಹೇಳುವರು. ಅನೇಕ ಧರ್ಮೋಪದೇಶಕರು ಇದನ್ನು ಬಲವಾಗಿ ವಿರೋಧಿಸಿದರು. ಡ್ರಮ್ಮಿನ ಪೆಟ್ಟಿನಲ್ಲಿ ಭಕ್ತಿ ಹೇಗೆ ನಿಂತೀತು ಎಂಬುದು ಅವರ ಪ್ರಶ್ನೆ. ಇತ್ತ ರಾಕ್ ಕೇಳುವವರಿಗೂ ಇದು ಉಪದೇಶದಂತೆ ಕಂಡು ರುಚಿಸಲಿಲ್ಲ. ಹೀಗೆ ಅತ್ತ ಮಂದಿರಕ್ಕೂ ಸಲ್ಲದೆ, ಇತ್ತ ಪೇಟೆಗೂ ಸಲ್ಲದೆ ಈ ಸಂಗೀತ ಬಹುಕಾಲ ನಡುದಾರಿಯಲ್ಲಿ ನಿಂತಿತು.

1990ರ ದಶಕದಲ್ಲಿ ಇಲಿನಾಯ್ ಪ್ರಾಂತದ ಗ್ರೀನ್‌ವಿಲ್ ಕಾಲೇಜಿನ ಕೆಲವರು ವಿದ್ಯಾರ್ಥಿಗಳು ಕೂಡಿ ಒಂದು ಬ್ಯಾಂಡ್ ಕಟ್ಟಿಕೊಂಡರು. ಅದಕ್ಕೆ 'ಜಾರ್ಸ್ ಆಫ್ ಕ್ಲೇ' ಎಂದು ಹೆಸರಿಟ್ಟರು. ಮಣ್ಣಿನ ಗಡಿಗೆಗಳು ಎಂದು ಅದರ ಅರ್ಥ. ಸಂತ ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ನಾಲ್ಕನೆಯ ಅಧ್ಯಾಯದಲ್ಲಿ ಈ ಹೋಲಿಕೆ ಬರುತ್ತದೆ. ದೇವರ ಐಶ್ವರ್ಯ ಇರುವುದು ಒಡೆದುಹೋಗುವ ಮಣ್ಣಿನ ಪಾತ್ರೆಯಲ್ಲಿ. ಆದುದರಿಂದ ಹಿರಿಮೆ ಪಾತ್ರೆಯದಲ್ಲ, ಒಳಗಿರುವುದರದು ಎಂಬುದು ಅದರ ಭಾವ. ಕಾಯವನ್ನು ಗಡಿಗೆಗೆ ಹೋಲಿಸುವ ತತ್ವಪದಗಳನ್ನು ಕೇಳಿದ ನಮಗೆ ಈ ಮಾತು ಎಷ್ಟು ಹತ್ತಿರದ್ದೆನಿಸುತ್ತದೆ!

1994ರಲ್ಲಿ ಈ ಹುಡುಗರು ನ್ಯಾಶ್‌ವಿಲ್ ನಗರದಲ್ಲಿ ನಡೆದ ಭಕ್ತಿಸಂಗೀತದ ಸ್ಪರ್ಧೆಯಲ್ಲಿ ಗೆದ್ದರು. 1995ರಲ್ಲಿ ಬ್ಯಾಂಡಿನ ಹೆಸರನ್ನೇ ಹೊತ್ತ ಅವರ ಮೊದಲ ಆಲ್ಬಮ್ ಹೊರಬಂದಿತು. ಅದರಲ್ಲಿಯ ಎರಡು ಹಾಡುಗಳನ್ನು ಹೆಸರಾಂತ ಗಿಟಾರುವಾದಕ ಏಡ್ರಿಯನ್ ಬೆಲ್ಯೂ ಸಜ್ಜುಗೊಳಿಸಿದ್ದನು. ಆ ಎರಡರಲ್ಲಿ ಒಂದು 'ಫ್ಲಡ್'. ಮಹಾಪೂರ ಎಂದರ್ಥ. ನೋಹನ ಕಾಲದ ಜಲಪ್ರಳಯವನ್ನು ನೆನಪಿಗೆ ತರುವ, ನೀರಿನಲ್ಲಿ ಮುಳುಗುತ್ತಿರುವವನ ಮೊರೆ ಅದು. ಈ ಹಾಡನ್ನು ಭಕ್ತಿಸಂಗೀತದ ಕೇಂದ್ರಗಳಲ್ಲದೆ ಸಾಮಾನ್ಯ ರಾಕ್ ರೇಡಿಯೋ ಕೇಂದ್ರಗಳೂ ಬಿತ್ತರಿಸಿದವು. 1996ರಲ್ಲಿ ಅದು ಅಮೇರಿಕೆಯ ನೂರು ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 37ನೆಯ ಸ್ಥಾನದವರೆಗೆ ಏರಿತು. ಆಲ್ಬಮ್ಮಿಗೆ ಮುಂದೆ 20 ಲಕ್ಷ ಪ್ರತಿಗಳಿಗೆ ಸಲ್ಲುವ 'ಎರಡು ಪ್ಲಾಟಿನಮ್' ಮನ್ನಣೆ ದೊರೆಯಿತು. ಕಾಲೇಜು ಹುಡುಗರ ಮೊದಲ ಪ್ರಯತ್ನಕ್ಕೆ ಇದು ಅಸಾಧಾರಣವಾದ ಯಶಸ್ಸು.

ಈ ಯಶಸ್ಸಿಗೆ ಕಾರಣವೇನು? ಅವರು ಉಪದೇಶದ ಧ್ವನಿಯನ್ನು ಬಿಟ್ಟುಕೊಟ್ಟರು. ಆದರೆ ನಂಬಿಕೆಯನ್ನು ಬಿಟ್ಟುಕೊಡಲಿಲ್ಲ. "ನೀವು ಹೀಗೆ ಮಾಡಿರಿ" ಎನ್ನುವ ಬದಲು "ನಾನು ಮುಳುಗುತ್ತಿದ್ದೇನೆ, ಕೈಹಿಡಿ" ಎಂದರು. ಕೇಳುವವನು ಯಾವ ಧರ್ಮದವನೇ ಆಗಲಿ, ಮುಳುಗುವ ಭಯ ಅವನಿಗೂ ಗೊತ್ತು. ಆದುದರಿಂದ ಹಾಡು ಅವನನ್ನು ಮುಟ್ಟಿತು.

4. ನಮ್ಮ ನಾಡಿನ ಕ್ರೈಸ್ತ ಗೀತಗಳು

ನಮ್ಮ ದೇಶದಲ್ಲಿ ಇದೇ ಪ್ರಶ್ನೆ ತಲೆಕೆಳಗಾಗಿ ಎದ್ದಿತ್ತು ಎಂಬುದು ಸ್ವಾರಸ್ಯದ ಸಂಗತಿ. ಅಲ್ಲಿ ಹಳೆಯ ಭಕ್ತಿಗೆ ಹೊಸ ರಾಗ ಬೇಕೆ ಎಂಬುದು ಪ್ರಶ್ನೆ. ಇಲ್ಲಿ ಹೊಸದಾಗಿ ಬಂದ ಧರ್ಮಕ್ಕೆ ನಮ್ಮ ಹಳೆಯ ರಾಗ ಸಲ್ಲುವುದೆ ಎಂಬುದು ಪ್ರಶ್ನೆ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಜರ್ಮನ್ ಧಾಟಿಯ ಪ್ರಾರ್ಥನಾಗೀತಗಳನ್ನು ಕನ್ನಡದಲ್ಲಿ ಹಾಡಿಸಿದರು. ಆದರೆ 1853ರಲ್ಲಿ ಬಂದ ಫರ್ಡಿನಾಂಡ್ ಕಿಟ್ಟೆಲರ ವಿಚಾರ ಬೇರೆಯಾಗಿತ್ತು. ಕನ್ನಡಿಗರ ಹೃದಯಕ್ಕೆ ಹೋಗಬೇಕಾದರೆ ಕನ್ನಡದ ಛಂದಸ್ಸಿನಲ್ಲಿಯೇ ಹೋಗಬೇಕು ಎಂದು ಅವರು ಬಗೆದರು. 1862ರಲ್ಲಿ 'ಕಥಾಮಾಲೆ' ಎಂಬ ಹೆಸರಿನಲ್ಲಿ ಯೇಸುವಿನ ಚರಿತ್ರೆಯನ್ನು ದೇಶೀಯ ಧಾಟಿಯ ಪದ್ಯಗಳಲ್ಲಿ ರಚಿಸಿದರು. ಮುಂದೆ 1894ರಲ್ಲಿ ಸುಮಾರು 70,000 ಶಬ್ದಗಳ ಕನ್ನಡ ನಿಘಂಟನ್ನು ಕೊಟ್ಟವರು ಇವರೇ. ಹಾಡು ಕಟ್ಟಲು ಹೊರಟವನು ಶಬ್ದಗಳ ಆಳಕ್ಕೆ ಇಳಿದು, ಕೊನೆಗೆ ಇಡೀ ಭಾಷೆಗೇ ಉಪಕಾರ ಮಾಡಿದನು!

ಮರಾಠಿಯಲ್ಲಿ ಇದೇ ಕೆಲಸವನ್ನು ಮಾಡಿದವರು ಕವಿ ನಾರಾಯಣ ವಾಮನ ಟಿಳಕರು. ಅವರು 1895ರಲ್ಲಿ ಕ್ರೈಸ್ತರಾದರು, 1919ರಲ್ಲಿ ತೀರಿಕೊಂಡರು. ಅವರು ಯೇಸುವನ್ನು ಕುರಿತು ಅಭಂಗದ ಧಾಟಿಯಲ್ಲಿ ಹಾಡು ಕಟ್ಟಿದರು. ಭಜನೆ, ಕೀರ್ತನೆಗಳನ್ನು ಕ್ರೈಸ್ತ ಸಭೆಗೆ ತಂದರು. ತಾವು ತುಕಾರಾಮರೆಂಬ ಸೇತುವೆಯ ಮೇಲಿಂದ ಕ್ರಿಸ್ತನ ಬಳಿಗೆ ನಡೆದು ಬಂದುದಾಗಿ ಅವರು ಹೇಳಿಕೊಳ್ಳುತ್ತಿದ್ದರು. ಅವರ ಪತ್ನಿ ಲಕ್ಷ್ಮೀಬಾಯಿ ಟಿಳಕರ 'ಸ್ಮೃತಿಚಿತ್ರೇ' ಎಂಬ ಆತ್ಮಕಥೆ ಮರಾಠಿಯ ಶ್ರೇಷ್ಠ ಗ್ರಂಥಗಳಲ್ಲಿ ಒಂದು. ಮರಾಠಿ ಬಲ್ಲ ನಮ್ಮ ವಿದ್ಯಾರ್ಥಿಗಳು ಅದನ್ನು ಅಗತ್ಯವಾಗಿ ಓದತಕ್ಕದ್ದು.

ಧಾಟಿ ಎಂಬುದು ಯಾವ ಒಂದು ಧರ್ಮದ ಸ್ವತ್ತೂ ಅಲ್ಲವೆಂಬುದಕ್ಕೆ ಇವರಿಬ್ಬರೂ ಸಾಕ್ಷಿ.

5. ಶಿಶುನಾಳದ ಶರೀಫರು

ಇನ್ನು ಕನ್ನಡದ ಉದಾಹರಣೆಗೆ ಬರೋಣ. ಅದನ್ನು ತಿಳಿಯಬೇಕಾದರೆ ಮೊದಲು ಶರೀಫ ಸಾಹೇಬರನ್ನು ತಿಳಿಯಬೇಕು.

ಶರೀಫರು 1819ರಲ್ಲಿ ಶಿಗ್ಗಾವಿ ತಾಲೂಕಿನ ಶಿಶುವಿನಹಾಳದಲ್ಲಿ ಜನಿಸಿದರು. ಆ ಊರು ಆಗ ಧಾರವಾಡ ಸೀಮೆಗೆ ಸೇರಿತ್ತು. ಈಗ ಹಾವೇರಿ ಜಿಲ್ಲೆಯಲ್ಲಿದೆ. ತಂದೆ ಇಮಾಮ ಸಾಹೇಬರು. ಶರೀಫರು ಕೆಲಕಾಲ ಸಾಲೆಯ ಮಾಸ್ತರರಾಗಿ ಕೆಲಸ ಮಾಡಿದರು. ಆದರೆ ಅವರ ಮನಸ್ಸು ಬೇರೊಂದನ್ನು ಅರಸುತ್ತಿತ್ತು. ಕಳಸದ ಗೋವಿಂದ ಭಟ್ಟರೆಂಬ ಬ್ರಾಹ್ಮಣ ಗುರುಗಳು ಅವರನ್ನು ಶಿಷ್ಯರನ್ನಾಗಿ ಸ್ವೀಕರಿಸಿದರು. ಮುಸಲ್ಮಾನ ಶಿಷ್ಯ, ಬ್ರಾಹ್ಮಣ ಗುರು! ಎರಡೂ ಕಡೆಯವರ ನಿಂದೆಗೆ ಇಬ್ಬರೂ ಗುರಿಯಾದರು. ಆದರೂ ಗುರುಶಿಷ್ಯರ ಸಂಬಂಧ ಕಡಿಯಲಿಲ್ಲ. 1889ರಲ್ಲಿ ಶರೀಫರು ದೇಹವಿಟ್ಟಾಗ ಹಿಂದೂ ಮುಸಲ್ಮಾನರಿಬ್ಬರೂ ಕೂಡಿ ತಮ್ಮ ತಮ್ಮ ಪದ್ಧತಿಯಂತೆ ಅಂತ್ಯವಿಧಿಗಳನ್ನು ನೆರವೇರಿಸಿದರು. ಇಂದಿಗೂ ಅವರ ಗದ್ದುಗೆಗೆ ಇಬ್ಬರೂ ನಡೆದುಕೊಳ್ಳುತ್ತಾರೆ.

ಶರೀಫರ ಪದಗಳ ವೈಶಿಷ್ಟ್ಯ ಇರುವುದು ಅವರು ಆಯ್ದುಕೊಂಡ ಸಾಮಗ್ರಿಯಲ್ಲಿ. ಬೀಸುವ ಕಲ್ಲು, ಕೋಳಿ, ಸೋರುವ ಮಾಳಿಗೆ, ಸೇದುವ ಗುಡುಗುಡಿ, ಇವೇ ಅವರ ವೇದಾಂತದ ಪಾಠೋಪಕರಣಗಳು. ಮಾಸ್ತರಿಕೆ ಬಿಟ್ಟರೂ ಕಲಿಸುವ ಹದ ಅವರನ್ನು ಬಿಡಲಿಲ್ಲವೆಂದು ತೋರುತ್ತದೆ. ಗೊತ್ತಿರುವುದರಿಂದ ಗೊತ್ತಿಲ್ಲದುದರ ಕಡೆಗೆ ನಡೆಸಬೇಕೆಂಬ ಬೋಧನಾತತ್ವವನ್ನು ಅವರ ಪ್ರತಿಯೊಂದು ಪದದಲ್ಲಿಯೂ ಕಾಣಬಹುದು.

ಗುಡುಗುಡಿಯ ಪದವನ್ನೇ ತೆಗೆದುಕೊಳ್ಳಿರಿ. ಇದು ಹೊಗೆಸೊಪ್ಪು ಸೇದಿರೆಂದು ಹೇಳುವ ಪದವಲ್ಲವೆಂದು ಮೊದಲಿಗೇ ಹೇಳಿಬಿಡುವುದು ಒಳ್ಳೆಯದು! ಗುಡುಗುಡಿಗೆ ನೀರಿನ ಬುರುಡೆ, ಕೊಳವೆ, ಬೆಂಕಿ ಇಡುವ ಚಿಲುಮೆ ಎಂಬ ಅಂಗಗಳುಂಟು. ಶರೀಫರು ಈ ಅಂಗಗಳನ್ನು ಮನುಷ್ಯನ ದೇಹ ಮನಸ್ಸುಗಳಿಗೆ ಹೊಂದಿಸುತ್ತಾರೆ. ಮನಸ್ಸೆಂಬ ಚೀಲವನ್ನು ಬಿಚ್ಚಬೇಕು. ಅದರೊಳಗಿನ ಮೋಹ ಮದಗಳನ್ನು ಕೊಚ್ಚಿ ಪುಡಿಮಾಡಬೇಕು. ಅವನ್ನು ಅರಿವಿನ ಬೆಂಕಿಯಲ್ಲಿ ಸುಡಬೇಕು. ಆಗ ಒಳಗಿನ ರೋಗ ಹೊಗೆಯಾಗಿ ಹೊರಟುಹೋಗುತ್ತದೆ. ಸುಡಬೇಕಾದದ್ದು ತಂಬಾಕವನ್ನಲ್ಲ, ಅಹಂಕಾರವನ್ನು. ಚಾವಡಿಯಲ್ಲಿ ಕುಳಿತು ಗುಡುಗುಡಿ ಸೇದುವ ಮುದುಕನಿಗೆ ಇದಕ್ಕಿಂತ ಚೆನ್ನಾಗಿ ವೇದಾಂತ ಹೇಳುವುದು ಸಾಧ್ಯವೆ?

ಸೋರುವ ಮಾಳಿಗೆಯ ಪದ ನಮ್ಮ ಸೀಮೆಯವರಿಗೆ ಇನ್ನೂ ಹತ್ತಿರದ್ದು. ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ತೊಲೆ ಜಂತೆ, ಅದರ ಮೇಲೆ ಮಣ್ಣಿನ ಮಾಳಿಗೆ ಇದ್ದ ಮನೆಗಳಲ್ಲಿ ನಮ್ಮ ಅಜ್ಜಂದಿರು ಬಾಳಿದರು. ಮಳೆ ಹಿಡಿಯುವ ಮೊದಲು ಮಾಳಿಗೆ ಏರಿ ಹೊಸ ಮಣ್ಣು ಹಾಕಿ ತುಳಿಯದಿದ್ದರೆ ಮನೆಯೊಳಗೆ ನೀರು ಸುರಿಯುವುದು ಖಂಡಿತ. ಶರೀಫರು ದೇಹವನ್ನೇ ಇಂಥ ಮನೆಯೆಂದು ಕರೆದು, ಅಜ್ಞಾನದಿಂದ ಅದು ಸೋರುತ್ತಿದೆ, ಸರಿಮಾಡುವವರು ಯಾರು ಎಂದು ಕೇಳುತ್ತಾರೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶ ವಿಸರ್ಜನೆ ಮುಗಿದ ರಾತ್ರಿಯೇ, ಕಿಲ್ಲಾರಿ ಸುತ್ತಿನ ಊರುಗಳಲ್ಲಿ ಇಂಥವೇ ಮನೆಗಳು ಭೂಕಂಪದಿಂದ ಕುಸಿದು ಮಲಗಿದ್ದ ಸಾವಿರಾರು ಜನ ಮಣ್ಣಾದರು. ಔಸಾ, ಉಮರ್ಗಾ ತಾಲೂಕುಗಳ ಹಳ್ಳಿಗಳು ಆ ರಾತ್ರಿಯನ್ನು ಮರೆಯುವಂತಿಲ್ಲ. ಮಾಳಿಗೆ ಎಂಬ ಶಬ್ದವನ್ನು ಕೇಳಿದಾಗ ಬೇರೆ ಸೀಮೆಯವರಿಗೆ ಬರಿಯ ಹೋಲಿಕೆ ಕಂಡೀತು. ನಮ್ಮವರಿಗೆ ಮೈ ಝುಮ್ಮೆನ್ನುತ್ತದೆ. ಒಂದು ಪದ ಬೇರೆ ಬೇರೆ ನೆಲದಲ್ಲಿ ಬೇರೆ ಬೇರೆ ತೂಕದಿಂದ ಕೇಳಿಸುವುದೆಂದರೆ ಹೀಗೆ.

6. ಮಠದಿಂದ ಕ್ಯಾಸೆಟ್ಟಿಗೆ

ಶರೀಫರ ಪದಗಳು ಬಹುಕಾಲ ಏಕತಾರಿ, ದಮ್ಮಡಿ, ತಾಳಗಳ ಜೊತೆಯಲ್ಲಿ ಮಠ, ಚಾವಡಿ, ಹೊಲಗಳಲ್ಲಿ ಉಳಿದುಬಂದವು. ಬಾಯಿಂದ ಬಾಯಿಗೆ ಹೋದವು. ಧ್ವನಿಮುದ್ರಣ ಬಂದ ಮೇಲೆ ಅವುಗಳ ನಡೆ ಬದಲಾಯಿತು.

1978ರಲ್ಲಿ ಕವಿ ಕೆ. ಎಸ್. ನಿಸಾರ್ ಅಹಮದರ ಗೀತೆಗಳ 'ನಿತ್ಯೋತ್ಸವ' ಹೊರಬಂದು, ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ಟು ಎಂದು ಹೆಸರಾಯಿತು. ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆ ಅದನ್ನು ಮನೆ ಮನೆಗೆ ಮುಟ್ಟಿಸಿತು. ಅದೇ ಹಾದಿಯಲ್ಲಿ ಸಿ. ಅಶ್ವತ್ಥರು ಶರೀಫರ ಪದಗಳನ್ನು ಎತ್ತಿಕೊಂಡರು. ಅವರದು ಒಳಗಿನಿಂದ ಒತ್ತಿ ಬರುವ ಏರುಕಂಠ. ಸೋರುವ ಮಾಳಿಗೆಯ ಪದವನ್ನು ಅವರು ಹಾಡಿದ ಬಳಿಕ ಕನ್ನಡಿಗರು ಬೇರೆ ಧಾಟಿಯಲ್ಲಿ ಅದನ್ನು ನೆನೆಯುವುದೇ ಕಷ್ಟವಾಯಿತು. 1990ರಲ್ಲಿ ಟಿ. ಎಸ್. ನಾಗಾಭರಣರ ನಿರ್ದೇಶನದಲ್ಲಿ 'ಸಂತ ಶಿಶುನಾಳ ಶರೀಫ' ಚಲಚ್ಚಿತ್ರ ಬಂದಿತು. ಶ್ರೀಧರರು ಶರೀಫರಾಗಿಯೂ ಗಿರೀಶ ಕಾರ್ನಾಡರು ಗೋವಿಂದ ಭಟ್ಟರಾಗಿಯೂ ನಟಿಸಿದರು. ಸಂಗೀತ ಅಶ್ವತ್ಥರದೇ. ರಾಷ್ಟ್ರೀಯ ಭಾವೈಕ್ಯವನ್ನು ಸಾರುವ ಚಿತ್ರಕ್ಕೆ ಕೊಡುವ ನರ್ಗಿಸ್ ದತ್ ಪ್ರಶಸ್ತಿ ಅದಕ್ಕೆ ಸಂದಿತು.

ಗಮನಿಸಬೇಕಾದ ಮಾತೆಂದರೆ, ಆಗಲೂ ಮೂಲ ಧಾಟಿ ಕೆಟ್ಟಿತೆಂದು ಗೊಣಗಿದವರು ಇದ್ದರು. ಇಂದು ಅದೇ ಧಾಟಿಯನ್ನು ನಾವು ಹಳೆಯ ಧಾಟಿಯೆಂದು ಕಾಪಾಡಲು ಹೊರಟಿದ್ದೇವೆ!

7. 2008ರ ಆಲ್ಬಮ್

ರಘು ದೀಕ್ಷಿತರು 1974ರಲ್ಲಿ ಮಹಾರಾಷ್ಟ್ರದ ನಾಸಿಕದಲ್ಲಿ ಹುಟ್ಟಿ, ಮೈಸೂರಿನಲ್ಲಿ ಬೆಳೆದವರು. ಓದಿದ್ದು ಸೂಕ್ಷ್ಮಜೀವಿಶಾಸ್ತ್ರ, ಕಲಿತದ್ದು ಭರತನಾಟ್ಯ, ತಾರುಣ್ಯದಲ್ಲಿ ಕೈಗೆ ಬಂದದ್ದು ಗಿಟಾರು. 'ಅಂತರಗ್ನಿ' ಎಂಬ ತಂಡದಿಂದ ಅವರ ಹಾಡುಗಾರಿಕೆ ಮೊದಲಾಯಿತು. ಮುಂದೆ ಅದು 'ದಿ ರಘು ದೀಕ್ಷಿತ್ ಪ್ರಾಜೆಕ್ಟ್' ಎಂಬ ಬ್ಯಾಂಡಾಯಿತು. ಗಿಟಾರು, ಬೇಸ್ ಗಿಟಾರು, ಡ್ರಮ್ಮುಗಳ ಜೊತೆಗೆ ಪಿಟೀಲಿಗೂ ಅಲ್ಲಿ ಮುಖ್ಯವಾದ ಸ್ಥಾನ. ವೇದಿಕೆಯ ಮೇಲೆ ಅವರ ಉಡುಪು ಬಣ್ಣಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ.

ಈ ತಂಡಕ್ಕೆ ಬಹುಕಾಲ ಆಲ್ಬಮ್ ಹೊರತರುವ ಕಂಪನಿ ದೊರೆಯಲಿಲ್ಲ. ಕನ್ನಡ, ಹಿಂದಿ, ಇಂಗ್ಲಿಷ್ ಮೂರೂ ಭಾಷೆಗಳ ಹಾಡು, ಚಲಚ್ಚಿತ್ರದ ನಂಟಿಲ್ಲ, ಜಾನಪದವೂ ಹೌದು, ರಾಕ್ ಕೂಡ ಹೌದು. ಇಂಥ ಸರಕು ಯಾವ ಅಂಗಡಿಯ ಯಾವ ಖಾನೆಯಲ್ಲಿ ಇಡಬೇಕು? ಮುಂಬಯಿಯಲ್ಲಿ ಪವಾಡಕ್ಕಾಗಿ ಕಾಯುತ್ತಿರುವವನನ್ನು ಕುರಿತ ಹಾಡೊಂದು ಆ ಆಲ್ಬಮ್ಮಿನಲ್ಲಿಯೇ ಇದೆ. ಕೊನೆಗೆ ಹಿಂದಿ ಚಲಚ್ಚಿತ್ರದ ಸಂಗೀತ ನಿರ್ದೇಶಕರಾದ ವಿಶಾಲ್ ಮತ್ತು ಶೇಖರ್ ಮುಂದೆ ಬಂದು 2008ರಲ್ಲಿ ಅದನ್ನು ಹೊರತಂದರು. 'ಗುಡುಗುಡಿಯ ಸೇದಿ ನೋಡೋ' ಎಂಬ ಶರೀಫರ ಪದ ಅದರಲ್ಲಿ ಸೇರಿತ್ತು.

ಹೀಗೆ ಹತ್ತೊಂಬತ್ತನೆಯ ಶತಮಾನದ ಹಳ್ಳಿಯ ಮಾಸ್ತರರ ವೇದಾಂತ ಇಪ್ಪತ್ತೊಂದನೆಯ ಶತಮಾನದ ಗಿಟಾರಿನ ಮೇಲೆ ಏರಿ ಕುಳಿತಿತು. ಆಲ್ಬಮ್ ದೇಶದಲ್ಲಿ ಒಳ್ಳೆಯ ಹೆಸರು ಗಳಿಸಿತು. 2010ರಲ್ಲಿ ಇಂಗ್ಲೆಂಡಿನ ಬಿಬಿಸಿ ದೂರದರ್ಶನದಲ್ಲಿ ಜೂಲ್ಸ್ ಹಾಲಂಡ್ ನಡೆಸಿಕೊಡುವ ಪ್ರಸಿದ್ಧ ಸಂಗೀತ ಕಾರ್ಯಕ್ರಮದಲ್ಲಿ ಈ ತಂಡ ಹಾಡಿತು. ಆ ಬಳಿಕ ಅಲ್ಲಿಯ ಐಟ್ಯೂನ್ಸ್ ಮಾರಾಟದಲ್ಲಿ ಲೋಕಸಂಗೀತದ ವಿಭಾಗದಲ್ಲಿ ಈ ಆಲ್ಬಮ್ ಮೊದಲನೆಯ ಸ್ಥಾನಕ್ಕೆ ಏರಿತು. 2011ರಲ್ಲಿ ಅಲ್ಲಿಯ 'ಸಾಂಗ್‌ಲೈನ್ಸ್' ಎಂಬ ಸಂಗೀತ ಪತ್ರಿಕೆ ಹೊಸಬರಿಗೆ ಕೊಡುವ ಪ್ರಶಸ್ತಿಯನ್ನು ಕೊಟ್ಟಿತು. 2013ರಲ್ಲಿ ತಂಡದ ಎರಡನೆಯ ಆಲ್ಬಮ್ ಬಂದಿತು. ಲೋಕದ ಕಾಳಜಿಯನ್ನು ಕುರಿತ ಶರೀಫರ ಪದ ಅದರಲ್ಲಿದೆ.

ಗಡಿಗೆಯ ಬ್ಯಾಂಡಿಗೂ ಗೆಜ್ಜೆಯ ಬ್ಯಾಂಡಿಗೂ ಸಾಮ್ಯವುಂಟು, ಭೇದವೂ ಉಂಟು. ಇಬ್ಬರೂ ನಂಬಿಕೆಯ ಮಾತನ್ನು ಅಂದಿನ ತರುಣರ ವಾದ್ಯದಲ್ಲಿ ಹೇಳಿದರು. ಇಬ್ಬರೂ ಮೊದಲನೆಯ ಆಲ್ಬಮ್ಮಿನಿಂದಲೇ ತಮ್ಮ ವಲಯದ ಗೋಡೆ ದಾಟಿದರು. ಭೇದವೆಂದರೆ, ಅವರು ಹಾಡನ್ನು ತಾವೇ ಕಟ್ಟಿದರು. ಇವರು ಹಳೆಯ ಸಂತನ ಪದವನ್ನು ಹೊತ್ತು ತಂದರು. ತಾನೇ ಕಟ್ಟಿದವನು ತನ್ನ ಮಾತಿಗೆ ಮಾತ್ರ ಹೊಣೆ. ಹಿರಿಯರ ಪದ ಹೊತ್ತವನು ಹಿರಿಯರಿಗೂ ಹೊಣೆ.

8. ಆಕ್ಷೇಪಗಳ ವಿಚಾರ

ಈಗ ಮೊದಲಿನ ಪ್ರಶ್ನೆಗೆ ಬರೋಣ. ವಿದೇಶೀ ವಾದ್ಯದಿಂದ ದೇವರ ಪದ ಮೈಲಿಗೆಯಾಗುವುದೆ?

ನಮ್ಮ ಭಜನೆಯ ಪೇಟಿಯನ್ನೇ ಪರೀಕ್ಷಿಸೋಣ. ಹಾರ್ಮೋನಿಯಮ್ ಹುಟ್ಟಿದ್ದು ಯುರೋಪಿನಲ್ಲಿ. ಪ್ಯಾರಿಸ್ಸಿನ ಅಲೆಕ್ಸಾಂಡ್ರೆ ದೆಬೇನ್ ಎಂಬವನು 1842ರಲ್ಲಿ ಅದರ ಹಕ್ಕುಪತ್ರ ಪಡೆದನು. ದೊಡ್ಡ ಆರ್ಗನ್ ಕೊಳ್ಳಲಾರದ ಸಣ್ಣ ಇಗರ್ಜಿಗಳಲ್ಲಿ ಅದು ಬಳಕೆಗೆ ಬಂದಿತು. ಕಲಕತ್ತೆಯ ದ್ವಾರಕಾನಾಥ ಘೋಷರು 1875ರ ಸುಮಾರಿಗೆ ಅದನ್ನು ನೆಲದ ಮೇಲೆ ಕುಳಿತು ಕೈಯಿಂದ ಗಾಳಿಯೊತ್ತಿ ಬಾರಿಸುವಂತೆ ಮಾರ್ಪಡಿಸಿದರು. ನಮ್ಮ ಸಂಗೀತದ ಸೂಕ್ಷ್ಮ ಸ್ವರಗಳನ್ನು ಅದು ನುಡಿಸಲಾರದೆಂಬ ಕಾರಣದಿಂದ 1940ರಲ್ಲಿ ಆಕಾಶವಾಣಿ ಅದನ್ನು ಬಹಿಷ್ಕರಿಸಿತು. 1971ರವರೆಗೂ ಆ ಬಹಿಷ್ಕಾರ ನಡೆಯಿತು. ಇಂದು ಪೇಟಿ ಇಲ್ಲದ ಭಜನೆ ಉಂಟೆ? ಗದಗ ಸೀಮೆಯಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದ ಪಂಡಿತ ಭೀಮಸೇನ ಜೋಶಿಯವರು ಕನ್ನಡದ ದಾಸರ ಪದಗಳನ್ನೂ ಮರಾಠಿ ಅಭಂಗಗಳನ್ನೂ ಈ ಪೇಟಿಯ ಜೊತೆಯಲ್ಲಿಯೇ ಹಾಡಿ ಎರಡೂ ನಾಡುಗಳನ್ನು ತಣಿಸಿದರು.

ಪಿಟೀಲಿನ ಕಥೆಯೂ ಇದೇ. ಮುತ್ತುಸ್ವಾಮಿ ದೀಕ್ಷಿತರ ತಮ್ಮನಾದ ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಯುರೋಪಿಯನ್ನರಿಂದ ಅದನ್ನು ಕಲಿತು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. ಇಂದು ಪಿಟೀಲಿಲ್ಲದೆ ಕಚೇರಿಯೇ ಇಲ್ಲ.

ಆದುದರಿಂದ ವಾದ್ಯ ಎಲ್ಲಿಯದೆಂಬ ಆಕ್ಷೇಪ ನಿಲ್ಲುವುದಿಲ್ಲ. ಆದರೆ ಹಿರಿಯರ ಇನ್ನೊಂದು ಆಕ್ಷೇಪಕ್ಕೆ ತೂಕವಿದೆ. ಅದು ಶಬ್ದವನ್ನು ಕುರಿತದ್ದು. ತತ್ವಪದದಲ್ಲಿ ಶಬ್ದವೇ ಜೀವ. ವಾದ್ಯದ ಆರ್ಭಟದಲ್ಲಿ ಪದ ಕೇಳದೆ ಹೋದರೆ, ಕೇಳಿದವನು ಕುಣಿದು ಮನೆಗೆ ಹೋಗಿ ಗುಡುಗುಡಿ ಎಂದರೆ ಬರಿಯ ತಮಾಷೆಯ ಹಾಡೆಂದು ತಿಳಿದರೆ, ಆಗ ನಷ್ಟವಾಯಿತೆಂದೇ ಹೇಳಬೇಕು. ಚೀಲ ಬಂತು, ಕಾಳು ಚೆಲ್ಲಿಹೋಯಿತು. ಈ ನಷ್ಟ ಗಿಟಾರಿನಿಂದ ಮಾತ್ರ ಆಗುವುದೆಂದಲ್ಲ. ಅರ್ಥ ತಿಳಿಯದೆ ಧ್ವನಿವರ್ಧಕ ಹಚ್ಚಿ ಕೂಗುವ ಭಜನೆಯಲ್ಲಿಯೂ ಆಗುತ್ತದೆ.

ಹಾಗಾದರೆ ಪರೀಕ್ಷೆ ಯಾವುದು? ಮೂರು ಮಾತು ಹೇಳಬಹುದು. ಒಂದು, ಪದದ ಶಬ್ದ ಸ್ಪಷ್ಟವಾಗಿ ಕೇಳಬೇಕು. ಎರಡು, ಹಾಡುವವನಿಗೆ ಅದರ ಅರ್ಥ ತಿಳಿದಿರಬೇಕು. ಮೂರು, ಕೇಳಿದವನಿಗೆ ಮೂಲ ಪದದ ಕಡೆಗೆ ಹೋಗುವ ಆಸೆ ಹುಟ್ಟಬೇಕು. ಈ ಮೂರರಲ್ಲಿ ತೇರ್ಗಡೆಯಾದರೆ ವಾದ್ಯ ಏಕತಾರಿಯಾಗಲಿ ಗಿಟಾರಾಗಲಿ ಬಾಧಕವಿಲ್ಲ. 2008ರ ಆಲ್ಬಮ್ಮಿನಿಂದ ಶರೀಫರ ಹೆಸರನ್ನೇ ಕೇಳದಿದ್ದ ಎಷ್ಟೋ ಪಟ್ಟಣದ ಹುಡುಗರು ಶಿಶುನಾಳ ಎಲ್ಲಿದೆ ಎಂದು ಕೇಳುವಂತಾಯಿತು. ಮೂರನೆಯ ಪರೀಕ್ಷೆಯಲ್ಲಿ ಅದು ಗೆದ್ದಿತೆಂದೇ ನನ್ನ ಅಭಿಪ್ರಾಯ.

9. ನಾವು ಮಾಡಬೇಕಾದದ್ದು

ನಮ್ಮದು ಗಡಿಸೀಮೆ. ಇಲ್ಲಿ ಮನೆಯ ಮಾತು ಕನ್ನಡ, ಪೇಟೆಯ ಮಾತು ಮರಾಠಿ, ಕಚೇರಿಯ ಮಾತು ಮರಾಠಿ. ಇದರ ಬಗ್ಗೆ ನಮಗೆ ಬೇಸರವಿಲ್ಲ. ಎರಡು ಭಾಷೆ ಬಲ್ಲವನಿಗೆ ಎರಡು ಮನೆ. ಆದರೆ ಯಾವ ಭಾಷೆ ಕಚೇರಿಯಲ್ಲಿ ಇಲ್ಲವೋ, ಅಂಗಡಿಯ ಬೋರ್ಡಿನ ಮೇಲೆ ಇಲ್ಲವೋ, ಅದು ಬದುಕುವುದು ಬಾಯಿಯಲ್ಲಿ. ಬಾಯಿಯಲ್ಲಿಯ ಭಾಷೆಗೆ ಹಾಡೇ ಗಟ್ಟಿ ಗಂಟು. ಮಾತು ಮರೆತರೂ ಹಾಡು ಮರೆಯುವುದಿಲ್ಲ. ಬಸವಕಲ್ಯಾಣ ನಮಗೆ ದೂರವಲ್ಲ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ಶರಣರು ನುಡಿದ ವಚನಗಳು ಈ ನೆಲದ ಅಜ್ಜಿಯರ ಬಾಯಲ್ಲಿ ಇಂದಿಗೂ ಇವೆ. ಅವರಲ್ಲಿ ಎಷ್ಟೋ ಜನರಿಗೆ ಓದು ಬರಹ ಬಾರದು.

ಆ ಅಜ್ಜಿಯರು ಎಷ್ಟು ಕಾಲ ಇದ್ದಾರು? ಮರಾಠವಾಡದ ಹಳ್ಳಿಗಳಲ್ಲಿ ಹಾಡಿದ ಕನ್ನಡ ಪದಗಳೆಲ್ಲ ಪುಸ್ತಕದಲ್ಲಿ ಬಂದಿಲ್ಲ. ಶರೀಫರಿಗೆ ಅಶ್ವತ್ಥರು ಸಿಕ್ಕರು, ದೀಕ್ಷಿತರು ಸಿಕ್ಕರು. ನಮ್ಮ ಊರಿನ ಹೆಸರಿಲ್ಲದ ಪದಗಾರರಿಗೆ ಯಾರು ಸಿಗಬೇಕು? ನಾವೇ ಸಿಗಬೇಕು.

ಆದುದರಿಂದ ವಿದ್ಯಾರ್ಥಿಗಳು ಈ ಬೇಸಿಗೆಯ ರಜೆಯಲ್ಲಿ ಒಂದು ಕೆಲಸ ಮಾಡಬಹುದು. ಮನೆಯ ಹಿರಿಯರು, ಓಣಿಯ ಭಜನಾ ಮಂಡಳಿಯವರು ಹಾಡುವ ಪದಗಳನ್ನು ಒಂದು ವಹಿಯಲ್ಲಿ ಬರೆದುಕೊಳ್ಳಿರಿ. ಅವರು ಹೇಳಿದಂತೆಯೇ ಬರೆಯಿರಿ. ಪುಸ್ತಕದ ಕನ್ನಡಕ್ಕೆ ತಿದ್ದಬೇಡಿರಿ. ಪದದ ಕೊನೆಗೆ ಬರುವ ಅಂಕಿತವನ್ನು ಮರೆಯದೆ ಗುರುತಿಸಿರಿ. ಕಟ್ಟಿದವರು ಯಾರೆಂಬುದಕ್ಕೆ ಅದೇ ಸಾಕ್ಷಿ. ತಿಳಿಯದ ಶಬ್ದಕ್ಕೆ ಅವರನ್ನೇ ಅರ್ಥ ಕೇಳಿರಿ. ಯಾವ ಹಬ್ಬದಲ್ಲಿ, ಯಾವ ಕೆಲಸದಲ್ಲಿ ಹಾಡುವರೆಂದು ಬರೆಯಿರಿ. ಮನೆಯಲ್ಲಿ ಮೊಬೈಲು ಇದ್ದರೆ ಧ್ವನಿಯನ್ನೂ ಹಿಡಿದಿಡಿರಿ. ಏಕೆಂದರೆ ಧಾಟಿಯನ್ನು ವಹಿಯಲ್ಲಿ ಬರೆಯಲು ಬರುವುದಿಲ್ಲ.

ಇಷ್ಟು ಮಾಡಿದ ಬಳಿಕ, ಸ್ನೇಹಸಮ್ಮೇಳನದಲ್ಲಿ ಆ ಪದವನ್ನು ಪೇಟಿಯ ಮೇಲೆ ಹಾಡುವಿರೋ ಕೀಬೋರ್ಡಿನ ಮೇಲೆ ಹಾಡುವಿರೋ, ಅದು ನಿಮಗೆ ಬಿಟ್ಟದ್ದು. ಪದವೇ ಕೈಯಲ್ಲಿಲ್ಲದೆ ವಾದ್ಯದ ಜಗಳವಾಡುವುದು ಮಾತ್ರ, ಗಡಿಗೆ ಒಣಗಿರುವಾಗ ಮುಚ್ಚಳಕ್ಕಾಗಿ ಹೊಡೆದಾಡಿದಂತೆ. ಮೊದಲು ನೀರು ತುಂಬಿಕೊಳ್ಳೋಣ.